ಒರತೆಯಿಲ್ಲದ ಕೊಳ

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದ್ದಾರೆ. ಆ ಹದಿನೆಂಟರಲ್ಲಿ ಜಲಕ್ರೀಡೆಯೂ ಒಂದು. ಇಪ್ಪತ್ತು ವರ್ಷಗಳಿಂದ ನಾನು ಈ ಪ್ರಕರಣವನ್ನು ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಅರಸನೂ ಅರಸಿಯರೂ ಕೊಳಕ್ಕಿಳಿಯುತ್ತಾರೆ, ಒಬ್ಬರ ಮೇಲೊಬ್ಬರು ನೀರೆರಚಿಕೊಳ್ಳುತ್ತಾರೆ, ಮೈಗೆ ಪೂಸಿದ್ದ ಚಂದನ ಕುಂಕುಮಗಳು ಕರಗಿ ನೀರು ಬಣ್ಣ ತಾಳುತ್ತದೆ, ಮುಡಿಯಿಂದ ಜಾರಿದ ಹೂ ತೇಲುತ್ತದೆ, ತಾವರೆಗಳು ನಾಚುತ್ತವೆ. ಇಷ್ಟಾದ ಮೇಲೆ ಕವಿ ಸೂರ್ಯಾಸ್ತದ ವರ್ಣನೆಗೆ ತೊಡಗುತ್ತಾನೆ, ನಾನು ಹಾಜರಿ ಪುಸ್ತಕ ಮಡಿಸುತ್ತೇನೆ. ಮಾರನೆಯ ಬೆಳಗ್ಗೆ ಆ ಕೊಳವನ್ನು ತೊಳೆದವರು ಯಾರು ಎಂದು ಇದುವರೆಗೆ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆದಿರಲಿಲ್ಲ. 2024ರ ಬೇಸಗೆಯಲ್ಲಿ ನನ್ನ ಭಾವನವರ ಮನೆಯ ಈಜುಕೊಳ ಆರು ತಿಂಗಳ ಕಾಲ ನನ್ನ ವಶಕ್ಕೆ ಬಂತು. ಆಮೇಲೆ ಬೇರೆ ಯಾವ ಪ್ರಶ್ನೆಯೂ ಹೊಳೆಯದಂತಾಯಿತು.

ಸಂಗತಿ ಹೀಗೆ. ನನ್ನ ಅಕ್ಕ ಭಾವಂದಿರು ಮಗಳ ಬಾಣಂತನಕ್ಕೆಂದು ಜನವರಿಯ ಕೊನೆಯಲ್ಲಿ ಅಮೆರಿಕೆಗೆ ಹೊರಟರು. ಯಲಹಂಕದಿಂದಾಚೆ, ಆಗ ಕಾವೇರಿಯ ಕೊಳವೆ ಇನ್ನೂ ಮುಟ್ಟದಿದ್ದ ಒಂದು ಬಡಾವಣೆಯಲ್ಲಿ ಅವರ ಮನೆ. ಮನೆ ಬಿಕೋ ಎನ್ನಬಾರದು, ನೀವಿಬ್ಬರೂ ಬಂದಿರಿ ಎಂದು ಅಕ್ಕ ಹೇಳಿದಳು. ನನ್ನ ಕಾಲೇಜಿಗೆ ಅಲ್ಲಿಂದ ದಾರಿ ಹತ್ತಿರವಾದ್ದರಿಂದ ಒಪ್ಪಿದೆ. ಹಿತ್ತಲಿನಲ್ಲಿ ಒಂದು ಈಜುಕೊಳವಿದೆ ಎಂಬುದು ನನಗೆ ಗೊತ್ತೇ ಇತ್ತು. ಹಬ್ಬಕ್ಕೆ ಹೋದಾಗ ಅದರ ದಡದ ಮೇಲೆ ಕೂತು ಕಾಫಿ ಕುಡಿದಿದ್ದೇನೆ. ಅದು ಮನೆಯ ಒಂದು ಅಲಂಕಾರವೆಂದು ನಾನು ತಿಳಿದಿದ್ದೆ. ಅದು ಹಸುವಿನ ಹಾಗೆ ದಿನವೂ ಮೇವು, ಮೈ ತೊಳೆತ, ಸಗಣಿ ಬಾಚುವಿಕೆಗಳನ್ನು ಬೇಡುವ ಪ್ರಾಣಿ ಎಂಬುದು ತಿಳಿದದ್ದು ಬೀಗದ ಕೈ ಸಿಕ್ಕಿದ ಎರಡನೆಯ ವಾರದಲ್ಲಿ.

ಕೊಳದ ಉದ್ದ 8 ಮೀಟರು, ಅಗಲ 4 ಮೀಟರು, ಆಳ ಸರಾಸರಿ ಒಂದೂಕಾಲು ಮೀಟರು. ಗುಣಿಸಿದರೆ 40 ಘನಮೀಟರು, ಅಂದರೆ 40,000 ಲೀಟರು. ಶ್ರೀಮಂತರ ಮನೆಯ ಕೊಳಗಳಲ್ಲಿ ಇದು ಚಿಕ್ಕದೇ. ನಮ್ಮ ದೇಶದಲ್ಲಿ ಒಳಚರಂಡಿಯುಳ್ಳ ನಗರದ ನಿವಾಸಿಗೆ ದಿನವೊಂದಕ್ಕೆ 135 ಲೀಟರು ನೀರು ಬೇಕೆಂದು ಲೆಕ್ಕವಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಈ ಚಿಕ್ಕ ಕೊಳ ನಾಲ್ವರ ಸಂಸಾರವೊಂದಕ್ಕೆ ಎಪ್ಪತ್ತನಾಲ್ಕು ದಿನಗಳ ನೀರು. ಹಳ್ಳಿಯವರಿಗೆ ಸರಕಾರ ಗೊತ್ತುಮಾಡಿರುವ 55 ಲೀಟರಿನ ಅಳತೆಯಲ್ಲಿ ಅದೇ ಸಂಸಾರಕ್ಕೆ ಆರು ತಿಂಗಳು. ಈ ಗುಣಾಕಾರವನ್ನು ನಾನು ಮಾಡಿದ್ದು ಒಂದು ರಾತ್ರಿ ನಿದ್ದೆ ಬಾರದಾಗ. ಮಾಡಿದ ಮೇಲೆ ನಿದ್ದೆ ಬಂತೆಂದು ಹೇಳಲಾರೆ.

ಭಾವನವರು ತಿಂಗಳ ಗುತ್ತಿಗೆಯ ಮೇಲೆ ಒಬ್ಬ ಮನುಷ್ಯನನ್ನು ಗೊತ್ತುಮಾಡಿದ್ದರು. ಆತ ವಾರಕ್ಕೊಮ್ಮೆ ಬಂದು, ಬಲೆಯಿಂದ ಎಲೆಗಳನ್ನು ತೆಗೆದು, ಡಬ್ಬಿಯಿಂದ ಕೈಗೆ ಬಂದಷ್ಟು ಬಿಳಿಯ ಪುಡಿಯನ್ನು ಬಿತ್ತನೆ ಬೀಜದ ಹಾಗೆ ಎರಚಿ, ‘ವಾಸನೆ ಬರ್ತಾ ಇದೆ, ಕ್ಲೀನ್ ಆಯ್ತು ಸಾರ್’ ಎಂದು ಹೊರಟುಹೋಗುತ್ತಿದ್ದ. ವಾಸನೆ ಬಂದರೆ ನೀರು ಶುದ್ಧವಾಯಿತೆಂಬುದು ನಮ್ಮಲ್ಲಿ ಬಹು ಜನರ ನಂಬಿಕೆ. ನನ್ನದೂ ಅದೇ ಆಗಿತ್ತು. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಅದನ್ನು ತಿದ್ದಿದರು. ಶುದ್ಧವಾದ ನೀರಿನಲ್ಲಿ ತಕ್ಕಷ್ಟು ಕ್ಲೋರಿನ್ ಕರಗಿದ್ದರೆ ಅದರ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಕಣ್ಣು ಉರಿಸಿ ಮೂಗು ಕೆರಳಿಸುವ ಆ ಘಾಟು ಹುಟ್ಟುವುದು ಕ್ಲೋರಿನ್ನು ಬೆವರು, ಮೂತ್ರ, ಮೈಯ ಕೊಳೆಗಳೊಡನೆ ಸೇರಿ ಕ್ಲೋರಮೀನ್ ಎಂಬ ವಸ್ತುವಾದಾಗ. ಘಾಟು ಹೆಚ್ಚಿದಷ್ಟೂ ಕೊಳೆ ಹೆಚ್ಚು. ಇಷ್ಟು ವರ್ಷ ನಾವು ಕೊಳೆಯ ವಾಸನೆಯನ್ನೇ ಶುಚಿಯ ವಾಸನೆಯೆಂದು ಮೂಸಿ ತೃಪ್ತಿಪಟ್ಟಿದ್ದೇವೆ.

ಇದಕ್ಕೆ ಮದ್ದು ಪುಡಿಯ ಡಬ್ಬಿಯಲ್ಲಿಲ್ಲ, ಬಚ್ಚಲಿನಲ್ಲಿದೆ. ಕೊಳಕ್ಕಿಳಿಯುವ ಮುಂಚೆ ಪ್ರತಿಯೊಬ್ಬನೂ ಒಂದು ನಿಮಿಷ ಮೈ ತೊಳೆದುಕೊಂಡರೆ ಅರ್ಧ ಕೆಲಸ ಹಗುರ. ಆದರೆ ಸ್ನಾನ ಮಾಡುವುದಕ್ಕೆಂದೇ ನೀರಿಗಿಳಿಯುವ ಅಭ್ಯಾಸದ ನಾವು, ಸ್ನಾನ ಮಾಡಿ ನೀರಿಗಿಳಿಯಬೇಕೆಂದರೆ ನಗುತ್ತೇವೆ. ಭಾನುವಾರ ಈಜಲು ಬಂದ ನೆಂಟರ ಮಕ್ಕಳನ್ನು ನಾನು ಮೊದಲು ಬಚ್ಚಲಿಗೆ ಅಟ್ಟಿದೆ. ಒಬ್ಬ ತಾಯಿ ‘ನಮ್ಮ ಮಕ್ಕಳೇನು ಕೊಳಕರೆ?’ ಎಂದು ಮುಖ ಊದಿಸಿಕೊಂಡರು. ಆಗ ನನಗೆ ಕಾವ್ಯದ ಆ ಕೊಳ ನೆನಪಾಯಿತು. ಚಂದನ, ಕುಂಕುಮ, ಕಸ್ತೂರಿ, ತಲೆಯೆಣ್ಣೆ, ಅಂತಃಪುರದ ಇಷ್ಟೂ ಪರಿಮಳ ಒಂದೇ ಮಧ್ಯಾಹ್ನದಲ್ಲಿ ನೀರಿಗಿಳಿದರೆ ದಡದ ಕಲ್ಲಿನ ಮೇಲೆ ಎಂಥ ಜಿಡ್ಡಿನ ಗೆರೆ ಕೂತಿರಬೇಕು! ಅದನ್ನು ಉಜ್ಜಿ ತೆಗೆಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಈಗ ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ.

ಮಾರ್ಚಿಯ ಮೊದಲ ವಾರ ನೀರು ಎತ್ತುವ ಮೋಟಾರು ಕೆಟ್ಟಿತು. ರಿಪೇರಿಯವನು ಇಂದು ಬರುತ್ತೇನೆ ನಾಳೆ ಬರುತ್ತೇನೆ ಎಂದು ಐದು ದಿನ ಕಳೆದ. ಬಿಸಿಲು ಉರಿಯುತ್ತಿತ್ತು. ಮೂರನೆಯ ದಿನ ಏಣಿಯ ಹಿಂಬದಿಯಲ್ಲಿ, ನೀರು ಅಲುಗಾಡದ ಮೂಲೆಯಲ್ಲಿ, ಒಂದು ಹಸುರು ನೆರಳು ಕಂಡಿತು. ಐದನೆಯ ದಿನ ಇಡೀ ಕೊಳ ದೊಡ್ಡಪತ್ರೆಯ ರಸದಂತಾಯಿತು. ತಳ ಕಾಣದು. ನನ್ನ ಹೆಂಡತಿ ಕಿಟಕಿಯಿಂದ ನೋಡಿ, ‘ಇನ್ನು ನಾಲ್ಕು ಎಮ್ಮೆ ಬಿಟ್ಟರೆ ನಿಮ್ಮೂರೇ’ ಎಂದಳು. ನಾನು ಭಾವನವರಿಗೆ ಫೋನು ಮಾಡಿದೆ.

‘ಇಷ್ಟು ಸಣ್ಣ ವಿಷಯಕ್ಕೆ ನನ್ನನ್ನು ಕೇಳಬೇಕೇನಯ್ಯಾ?’ ಎಂದರು ಅವರು. ‘ಎಲ್ಲಾ ಚರಂಡಿಗೆ ಬಿಟ್ಟು ಖಾಲಿ ಮಾಡಿಸು. ಚೆನ್ನಾಗಿ ಉಜ್ಜಿಸು. ನಾಲ್ಕು ಟ್ಯಾಂಕರು ಹೊಡೆಸಿದರೆ ಮುಗೀತು.’

‘ಭಾವ, ಇಲ್ಲಿ ನೀರಿಗೆ ತುಂಬಾ ಕಷ್ಟ. ಇರೋ ನೀರನ್ನೇ ಸರಿಮಾಡಬಹುದಂತೆ. ಒಂದು ವಾರ ಹಿಡಿಯುತ್ತದಂತೆ.’

‘ನಿನ್ನದು ಕನ್ನಡ ಎಂ.ಎ. ತಾನೆ? ನೀರಿನ ಎಂ.ಎ. ಅಲ್ಲವಲ್ಲ? ಹೇಳಿದಷ್ಟು ಮಾಡು.’

ನಾನು ಹೇಳಿದಷ್ಟು ಮಾಡಲಿಲ್ಲ. ಅಕ್ಕನ ಗಂಡನ ಮಾತನ್ನು ಮೀರಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅದಕ್ಕೆ ಕಾರಣ ಕೊಡುವುದೇ ಈ ಬರೆಹದ ಉದ್ದೇಶವೆಂದರೂ ನಡೆಯುತ್ತದೆ.

ಕೊಳೆಯಾದ ನೀರನ್ನು ಚೆಲ್ಲಿ ಹೊಸ ನೀರು ತುಂಬುವುದು ಶುಚಿ ಎಂಬ ತಿಳಿವಳಿಕೆ ನಮಗೆ ಎರಡು ಕಡೆಗಳಿಂದ ಬಂದಿದೆ. ಒಂದು, ಕೊಡ. ಕೊಡದ ನೀರು ಹಳಸಿದರೆ ಚೆಲ್ಲಿ, ಬೆಳಗಿ, ಹೊಸದಾಗಿ ತರುತ್ತೇವೆ. ಇನ್ನೊಂದು, ಬಾವಿ. ಹಾಸನದ ಸೀಮೆಯ ನನ್ನ ಹುಟ್ಟೂರಿನಲ್ಲಿ ಬೇಸಗೆಯ ಕೊನೆಗೆ, ನೀರು ಅತ್ಯಂತ ಕೆಳಗಿಳಿದಾಗ, ಬಾವಿಯ ಹೂಳು ತೆಗೆಯುತ್ತಿದ್ದರು. ಇಬ್ಬರು ಒಳಗಿಳಿದು ಕೆಸರನ್ನು ಮಂಕರಿಗೆ ತುಂಬುತ್ತಿದ್ದರು, ಮೇಲಿನವರು ಹಗ್ಗದಿಂದ ಸೇದುತ್ತಿದ್ದರು; ಕಳೆದ ವರ್ಷ ಬಿದ್ದ ಚೆಂಬು, ಮುರಿದ ರಾಟೆಯ ತುಂಡು, ಯಾರದೋ ಕಿವಿಯ ಓಲೆ, ಎಲ್ಲ ಮೇಲೆ ಬರುತ್ತಿದ್ದವು. ಮಕ್ಕಳಾದ ನಮಗೆ ಅದೊಂದು ಜಾತ್ರೆ. ಸಂಜೆಗೆ ಬಾವಿ ಪೂರಾ ಖಾಲಿ. ಬೆಳಗ್ಗೆ ಎದ್ದು ಇಣುಕಿದರೆ ಮೊಣಕಾಲುದ್ದ ತಿಳಿನೀರು. ಖಾಲಿ ಮಾಡುವ ಧೈರ್ಯ ಊರಿಗೆ ಇದ್ದದ್ದು ಒರತೆಯ ಮೇಲಿನ ನಂಬಿಕೆಯಿಂದ. ಮೊಹೆಂಜೊದಾರೋದ ಮಹಾಸ್ನಾನಗೃಹವನ್ನೇ ನೋಡಿ: 12 ಮೀಟರು ಉದ್ದ, 7 ಮೀಟರು ಅಗಲ, 2.4 ಮೀಟರು ಆಳದ ಆ ಕೊಳಕ್ಕೆ ಒಂದು ಮೂಲೆಯಲ್ಲಿ ನೀರು ಹೊರಹೋಗುವ ದಾರಿಯನ್ನು ಕಟ್ಟಿದವರು ಪಕ್ಕದ ಕೋಣೆಯಲ್ಲೇ ಬಾವಿಯನ್ನೂ ತೋಡಿದ್ದರು. ಹಂಪೆಯ ಮಹಾನವಮಿ ದಿಬ್ಬದ ಹತ್ತಿರ ನೆಲದಡಿಯಿಂದ ಬಿಡಿಸಿದ ಮೆಟ್ಟಿಲುಗೊಳಕ್ಕೆ ಕಲ್ಲಿನ ದೋಣಿಗಾಲುವೆ ನೀರು ತರುತ್ತಿತ್ತು. ಬಿಡುವ ಬಾಯಿಯೂ ಬರುವ ಬಾಯಿಯೂ ಒಟ್ಟಿಗೇ ಇದ್ದವು.

ಭಾವನವರ ಕೊಳಕ್ಕೆ ಒರತೆಯಿಲ್ಲ. ಅದರ ತಳ ಕಾಂಕ್ರೀಟು, ಮೇಲೆ ನೀಲಿಯ ಹೆಂಚು. ಅದಕ್ಕೆ ಬರುವ ನೀರೆಲ್ಲ ಯಾರದೋ ಹೊಲದ ಕೊಳವೆ ಬಾವಿಯಿಂದ, ಡೀಸೆಲ್ ಹೊಗೆಯುಗುಳುವ ಲಾರಿಯ ಮೇಲೆ ಬರತಕ್ಕದ್ದು. ಅದನ್ನು ಕೊಡವೆಂದು ಬಗೆದರೂ ತಪ್ಪು, ಬಾವಿಯೆಂದು ಬಗೆದರೂ ತಪ್ಪು. ಇಂಥ ನೀರಿಗೆ ಒರತೆಯ ಸ್ಥಾನದಲ್ಲಿ ನಿಲ್ಲಬೇಕಾದದ್ದು ಮನುಷ್ಯನ ಕೈ. ದಿನವೂ ಉಜ್ಜುವ, ಸೋಸುವ, ಅಳೆಯುವ ಕೈ. ಹಾಗೆ ನೋಡಿಕೊಂಡರೆ ಒಮ್ಮೆ ತುಂಬಿದ ನೀರು ವರ್ಷಗಟ್ಟಲೆ ಬಾಳುತ್ತದೆ. ಖಾಲಿ ಮಾಡುವುದು ಶುಚಿಯ ಅತಿರೇಕವೆಂಬಂತೆ ಕಂಡರೂ ನಿಜದಲ್ಲಿ ಅದು ದಿನದ ಕೆಲಸವನ್ನು ತಪ್ಪಿಸಿಕೊಂಡ ಸೋಮಾರಿತನದ ಬಡ್ಡಿ, ಮತ್ತು ಆ ಬಡ್ಡಿಯನ್ನು ಕಟ್ಟುವವನು ಬೇರೊಬ್ಬ. (ಮಳೆಗಾಲದಲ್ಲಿ ಖಾಲಿ ಮಾಡುವವರಿಗೆ ಇನ್ನೊಂದು ಅಪಾಯವೂ ಇದೆ: ಸುತ್ತಲಿನ ನೆಲ ನೀರುಂಡು ಉಬ್ಬಿದಾಗ ಕೆಳಗಿನ ಒತ್ತಡ ಖಾಲಿ ತೊಟ್ಟಿಯನ್ನೇ ಮೇಲೆತ್ತಿ ಸೀಳಬಲ್ಲದು. ಒಳಗಿನ ನೀರಿನ ಭಾರವೇ ಅದರ ಲಂಗರು.)

ಆ ವರ್ಷ ಎಂಥದೆಂಬುದನ್ನು ಓದುಗರು ಮರೆತಿರಲಾರರು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿತ್ತು. ಬೆಂಗಳೂರಿನಲ್ಲಿ ಸರಕಾರದ ಲೆಕ್ಕದಂತೆಯೇ ಸುಮಾರು 13,900 ಕೊಳವೆ ಬಾವಿಗಳಲ್ಲಿ 6,900 ಬತ್ತಿದ್ದವು. ಮಾರ್ಚಿಯಲ್ಲಿ ಜಿಲ್ಲಾಡಳಿತ 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ಬೆಲೆ ಕಟ್ಟಿತು. ಅದೇ ತಿಂಗಳು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ತುಂಬಕೂಡದೆಂದು ಆಜ್ಞೆ ಮಾಡಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಭಾವನವರಂಥವರಿಗೆ ಟ್ಯಾಂಕರಿನ ಬೆಲೆಯೂ ಅಷ್ಟೆ, ದಂಡವೂ ಅಷ್ಟೆ. ಎರಡನ್ನೂ ಕೂಡಿಸಿದರೂ ಒಂದು ರಾತ್ರಿಯ ಹೋಟೆಲ್ ಊಟದ ಖರ್ಚು. ನೀರಿಗೆ ಹಣದಲ್ಲಿ ಬೆಲೆ ಕಟ್ಟುವುದರ ತೊಂದರೆ ಇದೇ: ಉಳ್ಳವನಿಗೆ ಆ ಸಂಖ್ಯೆ ಕೇಳಿಸುವುದೇ ಇಲ್ಲ.

ಹಸುರು ನೀರನ್ನು ತಿಳಿಗೊಳಿಸಿದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಬಿಸಿಲಿಗೆ ಆವಿಯಾಗಿ ಕೊಳದಲ್ಲಿ ಆಗ ಉಳಿದಿದ್ದದ್ದು ಸುಮಾರು 33,000 ಲೀಟರು. ಮೊದಲು ಗೋಡೆ, ತಳ, ಮೆಟ್ಟಿಲಿನ ಸಂದು, ಏಣಿಯ ಹಿಂಬದಿ ಎಲ್ಲವನ್ನೂ ಕುಂಚದಿಂದ ತಿಕ್ಕಿದೆ. ಪಾಚಿ ಗೋಡೆಗೆ ಅಂಟಿ ಲೋಳಿಯ ಹೊದಿಕೆಯೊಳಗೆ ಮಲಗಿರುವಷ್ಟು ಹೊತ್ತು ಯಾವ ಮದ್ದೂ ಅದಕ್ಕೆ ನೆಟ್ಟಗೆ ತಾಕುವುದಿಲ್ಲ. ಆಮೇಲೆ ನೀರಿನ ಪಿಎಚ್ ಅಳೆದೆ: ಎಂಟನ್ನು ದಾಟಿತ್ತು. ಗುತ್ತಿಗೆಯ ಮನುಷ್ಯ ಒಂದು ದಿನವೂ ಇದನ್ನು ಅಳೆದದ್ದು ನಾನು ಕಂಡಿಲ್ಲ. ಪಿಎಚ್ 7.5ರ ಹತ್ತಿರವಿದ್ದಾಗ ನೀರಿಗೆ ಹಾಕಿದ ಕ್ಲೋರಿನ್ನಿನ ಅರ್ಧದಷ್ಟು ಕೆಲಸ ಮಾಡುವ ರೂಪದಲ್ಲಿರುತ್ತದೆ. ಎಂಟಕ್ಕೇರಿದರೆ ಕಾಲುಭಾಗವೂ ಇರುವುದಿಲ್ಲ, ಉಳಿದದ್ದೆಲ್ಲ ಹೆಸರಿಗೆ ಮಾತ್ರ. ಆದ್ದರಿಂದ ಮೊದಲು ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ 7.2ಕ್ಕೆ ಇಳಿಸಿದೆ. ಆಮೇಲೆ ಸಂಜೆ ಹೊತ್ತು ಕಂತಿದ ಮೇಲೆ ಕ್ಲೋರಿನ್. ಹಗಲಲ್ಲಿ ಹಾಕಿದರೆ ಬಿಸಿಲು ಅದನ್ನು ಗಂಟೆಯೊಳಗೆ ಅರ್ಧಕ್ಕಿಳಿಸುತ್ತದೆ. ಹತ್ತು ಲಕ್ಷ ಭಾಗ ನೀರಿಗೆ ಹತ್ತು ಭಾಗದಂತೆ 330 ಗ್ರಾಂ ಕ್ಲೋರಿನ್ ಬೇಕು; ನೂರಕ್ಕೆ 65ರಷ್ಟು ಕ್ಲೋರಿನ್ ಕೊಡುವ ಪುಡಿಯಲ್ಲಿ ಅದು ಅರ್ಧ ಕಿಲೋ. ದಿನನಿತ್ಯ ಕಾಯ್ದುಕೊಳ್ಳಬೇಕಾದದ್ದು ಒಂದರಿಂದ ಮೂರು ಭಾಗ ಮಾತ್ರ. ಹತ್ತು ಎಂಬುದು ಜ್ವರದ ಮದ್ದು. ಆ ದಿನಗಳಲ್ಲಿ ಯಾರನ್ನೂ ನೀರಿಗಿಳಿಸಲಿಲ್ಲ.

ರಿಪೇರಿಯಾದ ಮೋಟಾರು ಹಗಲು ರಾತ್ರಿ ಓಡಿತು. ನೀರು ಮರಳಿನ ಸೋಸುಪಾತ್ರೆಯ ಮೂಲಕ ಹಾಯುತ್ತದೆ. ಮರಳಿನಲ್ಲಿ ಕಸ ಕಟ್ಟಿಕೊಂಡಂತೆ ಒತ್ತಡ ತೋರಿಸುವ ಮುಳ್ಳು ಮೇಲೇರುತ್ತದೆ. ಆಗ ನೀರನ್ನು ಹಿಂದುಮುಂದಾಗಿ ಹಾಯಿಸಿ ಮರಳನ್ನು ತೊಳೆಯಬೇಕು. ಮೂರನೆಯ ದಿನ ಹಸುರು ಹೋಗಿ ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ಕೆಟ್ಟಿತೆಂದು ನಾನು ಎದೆಗುಂದಿದೆ. ಅದು ಸತ್ತ ಪಾಚಿ, ಒಳ್ಳೆಯ ಲಕ್ಷಣ ಎಂದು ಸಹೋದ್ಯೋಗಿ ಧೈರ್ಯ ಹೇಳಿದರು. ಪಟಿಕ ಕರಗಿಸಿ ಹಾಕಿ, ಮೋಟಾರು ನಿಲ್ಲಿಸಿ, ಒಂದು ರಾತ್ರಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಬಗ್ಗಡವೆಲ್ಲ ತಳದಲ್ಲಿ ಬೂದಿಯ ಹಾಸಿನಂತೆ ಕೂತಿತ್ತು. ಅದನ್ನು ಕದಡದ ಹಾಗೆ ಮೆಲ್ಲಗೆ ಕೊಳವೆಯಿಂದ ಹೀರಿ ಹೊರಹಾಕಿದೆ. ಅದರೊಡನೆ ಹೋದ ನೀರು ಹೆಚ್ಚೆಂದರೆ ಸಾವಿರ ಲೀಟರು. ಆರನೆಯ ಬೆಳಗ್ಗೆ ಆಳದ ತುದಿಯಲ್ಲಿ ಬಿದ್ದಿದ್ದ ಒಂದು ರೂಪಾಯಿಯ ನಾಣ್ಯದ ಅಂಕಿ ದಡದಿಂದಲೇ ಓದುವಂತಿತ್ತು. ನನ್ನ ಹೆಸರಿನ ಪುಸ್ತಕ ಮೊದಲು ಅಚ್ಚಾಗಿ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಹಿಗ್ಗಿನ ನಡುವೆ ಒಂದು ಹೆದರಿಕೆಯನ್ನೂ ಹೇಳಬೇಕು. ಎರಡನೆಯ ದಿನ ತೋಟದ ಕೆಲಸದ ಹುಡುಗ ನನಗೆ ನೆರವಾಗಲೆಂದು ಪುಡಿ ಅಳೆದ ಬಕೆಟ್ಟಿಗೇ ಆಮ್ಲದ ಕ್ಯಾನನ್ನು ಬಗ್ಗಿಸಹೊರಟಿದ್ದ. ನಾನು ಕೂಗಿದ ಕೂಗಿಗೆ ಅವನು ಕ್ಯಾನನ್ನು ಕೈಬಿಟ್ಟು ಹಿಂದೆ ಹಾರಿದ. ಆ ಪುಡಿಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲವೇ ಏಳುತ್ತದೆ. 1915ರ ಏಪ್ರಿಲಿನಲ್ಲಿ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳ ಮೇಲೆ ಬಿಟ್ಟದ್ದು ಈ ಅನಿಲವನ್ನೇ. ಅದಕ್ಕೆ ಏಳು ವರ್ಷ ಮೊದಲು, 1908ರಲ್ಲಿ, ಅಮೆರಿಕೆಯ ಜರ್ಸಿ ನಗರ ತನ್ನ ಕುಡಿಯುವ ನೀರಿಗೆ ಬೆರೆಸಿ ಜನರನ್ನು ವಿಷಮಶೀತಜ್ವರದಂಥ ರೋಗಗಳಿಂದ ಕಾಯತೊಡಗಿದ್ದೂ ಈ ಕ್ಲೋರಿನ್ನನ್ನೇ. ಒಂದೇ ವಸ್ತು ಅಳತೆಯಲ್ಲಿದ್ದರೆ ಕಾವಲುಗಾರ. ಮನೆಯ ಹಿತ್ತಲಿನಲ್ಲಿ ಇಂಥದನ್ನಿಟ್ಟುಕೊಂಡವರು ಅದನ್ನು ಓದುಬಾರದ ಹುಡುಗನ ಕೈಗೆ ಒಪ್ಪಿಸಿ ನಿಶ್ಚಿಂತರಾಗುವುದು ಸಲ್ಲದು. ಡಬ್ಬಿಯ ಮೇಲಿನ ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿತ್ತು. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಗೆ ನೀರು ಹಾಕಬಾರದು; ಒಂದು ಬಗೆಯ ಪುಡಿ ಮುಟ್ಟಿದ ಚಮಚ ಇನ್ನೊಂದನ್ನು ಮುಟ್ಟಬಾರದು; ಆಮ್ಲವೂ ಪುಡಿಯೂ ಒಂದೇ ಕೋಣೆಯಲ್ಲಿರಬಾರದು. ಇಷ್ಟನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಹುಡುಗನಿಗೆ ಓದಿ ಹೇಳಿದೆ. ನನ್ನ ಬರೆಹಗಳಲ್ಲಿ ಅತ್ಯಂತ ಪ್ರಯೋಜನಕ್ಕೆ ಬಂದದ್ದು ಬಹುಶಃ ಅದೇ ಇರಬೇಕು.

ಕನ್ನಡದ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡದಾರಿ. ನಿಂತ ನೀರಿನ ಕಾಯಿಲೆಗಳಿಗೆ ನಮ್ಮ ನುಡಿಯಲ್ಲಿ ಎಷ್ಟು ಹೆಸರುಗಳಿವೆ! ಪಾಚಿ ಬೇರೆ, ಹಾವಸೆ ಬೇರೆ. ಹೂಳು ಬೇರೆ, ಕೆಸರು ಬೇರೆ. ಬಗ್ಗಡ, ರಾಡಿ, ಲೋಳಿ, ಕದಡು, ಒಂದೊಂದಕ್ಕೂ ಒಂದೊಂದು ಅವಸ್ಥೆ. ಇಷ್ಟು ಹೆಸರಿಟ್ಟವರು ದಡದಲ್ಲಿ ಕೂತು ಕಾಫಿ ಕುಡಿದವರಾಗಿರಲಾರರು. ನೀರಿಗಿಳಿದು ಕೈಯಿಂದ ಮುಟ್ಟಿ ನೋಡಿದವರು. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ಬಗೆಯನ್ನು ಹೇಳಿ ಮುಗಿಸುವ ಮುನ್ನ, ಬಾವಿಯ ನೀರು ಕೆಟ್ಟರೆ ಹಾಕತಕ್ಕ ಚೂರ್ಣವನ್ನೂ ಹೇಳುತ್ತಾನೆ: ಅಂಜನ, ಭದ್ರಮುಷ್ಟಿ, ಲಾವಂಚ, ಕಾಡುಹೀರೆ, ನೆಲ್ಲಿ, ಇವುಗಳೊಡನೆ ಕತಕದ ಕಾಯಿ. ಕತಕವೆಂದರೆ ನಮ್ಮ ಚಿಲ್ಲದ ಬೀಜ. ಅದನ್ನು ಗಡಿಗೆಯ ಒಳಮೈಗೆ ತೇಯ್ದು ನೀರು ತುಂಬಿದರೆ ಬಗ್ಗಡ ತಳಕ್ಕಿಳಿಯುತ್ತದೆ. ನನ್ನ ಪಟಿಕ ಮಾಡಿದ ಕೆಲಸವೇ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಕತಕದ್ದೇ ಒಂದು ದೃಷ್ಟಾಂತ ಬರುತ್ತದೆ: ಬರಿದೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂದು. ಧರ್ಮದ ವಿಷಯದಲ್ಲಿ ಹೇಳಿದ ಆ ಮಾತನ್ನು ಪ್ರತಿಯೊಂದು ಈಜುಕೊಳದ ಒಡೆಯನಿಗೂ ಕೇಳಿಸಬಹುದು.

ಇನ್ನು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಇಷ್ಟೆಲ್ಲ ಹೇಳುವವರು, ಮನೆಗೊಂದು ಕೊಳವೇ ಬೇಡ ಎಂದು ಏಕೆ ಹೇಳಬಾರದು? ಹೇಳುತ್ತೇನೆ. ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ ಮೇಲೆತ್ತಿ ತಂದು ಕುಡಿಯುವ ಊರಿನಲ್ಲಿ ಮನೆಮನೆಗೆ ಹೊಸ ಕೊಳ ಕಟ್ಟುವುದು ಅವಿವೇಕವೆಂದೇ ನನ್ನ ಮತ. ಬಡಾವಣೆಗೊಂದು ಒಳ್ಳೆಯ ಸಾರ್ವಜನಿಕ ಕೊಳವಿದ್ದರೆ ಮಕ್ಕಳು ಈಜು ಕಲಿತಾರು, ಅದನ್ನು ಕಾಯುವುದಕ್ಕೆ ಕಲಿತ ಕೈಗಳೂ ಸಿಕ್ಕಾವು. ಆದರೆ ಕಟ್ಟಿದ್ದು ಕಟ್ಟಿಯಾಗಿದೆ. ಕೊಳವನ್ನು ದ್ವೇಷಿಸಿ ಕೈಬಿಟ್ಟರೆ ಅದು ಸುಮ್ಮನಿರುವುದಿಲ್ಲ. ಹತ್ತು ದಿನದಲ್ಲಿ ಸೊಳ್ಳೆಯ ತೊಟ್ಟಿಲಾಗುತ್ತದೆ. ಅದೇ 2024ರ ಸೆಪ್ಟೆಂಬರಿನಲ್ಲಿ ಡೆಂಗಿ ಜ್ವರವನ್ನು ಸರಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ಫೆಬ್ರವರಿಯಿಂದಲೇ ಕೊಳ ದಿನೇ ದಿನೇ ಇಳಿಯುತ್ತಿತ್ತು. ಎಲ್ಲೋ ಬಿರುಕು ಬಿಟ್ಟಿದೆ, ಅಗೆಸಬೇಕು ಎಂದು ಗುತ್ತಿಗೆಯವನು ಹೇಳಿದ್ದ. ಅಗೆಸುವ ಮುಂಚೆ ಒಂದು ಸುಲಭವಾದ ಪರೀಕ್ಷೆ ಮಾಡಿದೆ. ಒಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಮೆಟ್ಟಿಲಿನ ಮೇಲೆ ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕಿರುವಂತೆ ಇಟ್ಟು, ಎರಡಕ್ಕೂ ಗೆರೆ ಹಾಕಿ ಒಂದು ದಿನ ಬಿಟ್ಟೆ. ಎರಡೂ ಸಮವಾಗಿ ಇಳಿದಿದ್ದವು, ಆರು ಮಿಲಿಮೀಟರು. ಬಿರುಕಿಲ್ಲ, ಕುಡಿಯುತ್ತಿದ್ದವನು ಸೂರ್ಯ. 32 ಚದರ ಮೀಟರಿನ ಮೇಲ್ಮೈಯಿಂದ ಆರು ಮಿಲಿಮೀಟರೆಂದರೆ ದಿನಕ್ಕೆ 190 ಲೀಟರಿಗೂ ಮಿಕ್ಕು, ತಿಂಗಳಿಗೆ ಐದು ಸಾವಿರದ ಏಳುನೂರು. ಕೊಳ ತಿಳಿಯಾದ ಮೇಲೆ ಮೊದಲು ಮಾಡಿದ ಕೆಲಸ ಅದಕ್ಕೊಂದು ಹೊದಿಕೆ ತಂದು ಮುಚ್ಚಿದ್ದು. ಇಳಿತ ಬಹುಮಟ್ಟಿಗೆ ನಿಂತಿತು. ಅಷ್ಟರಲ್ಲಿ ಒಂದು ಗೇಣು ಇಳಿದಾಗಿತ್ತು, ಅದನ್ನು ತುಂಬಿಸಲಿಲ್ಲ. ಮೇಲಿನ ಕಸ ಸೆಳೆಯುವ ಸ್ಕಿಮ್ಮರಿನ ಬಾಯಿ ಗಾಳಿಗೆ ಬಿದ್ದದ್ದರಿಂದ ಅದನ್ನು ಮುಚ್ಚಿ, ತಳದ ಬಾಯಿಯಿಂದ ಮಾತ್ರ ಮೋಟಾರಿಗೆ ನೀರು ಕೊಟ್ಟೆ. ಮೇಲಿನ ಕಸವನ್ನು ಬಲೆ ಹಿಡಿದು ನಾನೇ ತೆಗೆದೆ.

ಏಪ್ರಿಲಿನ ನಡುವೆ ಒಂದು ಬೆಳಗ್ಗೆ ಮನೆಗೆಲಸದಾಕೆ ಪೊರಕೆ ಹಿಡಿದು ದಡದಲ್ಲೇ ನಿಂತುಬಿಟ್ಟಳು. ‘ಮೇಷ್ಟ್ರೇ, ನಮ್ ಬೀದಿಗೆ ಟ್ಯಾಂಕ್ರು ಬಂದು ಎಂಟ್ ದಿನ ಆಯ್ತು. ಕುಡಿಯೋಕೆ ಕ್ಯಾನು ತರ್ತೀವಿ. ಕಕ್ಕಸಿಗೆ, ನೆಲಕ್ಕೆ ನೀರಿಲ್ಲ. ಈ ನೀರು ಕೊಡ್ತೀರಾ?’ ಎಂದಳು. ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ನೀರು ನನ್ನದಲ್ಲ. ಕೇಳಿದರೆ ಭಾವನವರು ಏನೆನ್ನುವರೋ! ಕೇಳದೆ ಕೊಟ್ಟರೆ ಅದು ಯಾವ ಬಗೆಯ ದಾನ? ಇನ್ನೊಬ್ಬರ ಗಂಟಿನಿಂದ ಪುಣ್ಯ ಕಟ್ಟಿಕೊಂಡ ಹಾಗಲ್ಲವೆ? ಇವೆಲ್ಲ ಒಳ್ಳೆಯ ಪ್ರಶ್ನೆಗಳೇ. ಆದರೆ ಆಕೆ ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ‘ಕುಡಿಯಬಾರದು, ಅಡುಗೆಗೂ ಬೇಡ, ಮಕ್ಕಳು ಬರಕೂಡದು, ದೊಡ್ಡವರೇ ಬರಲಿ’ ಎಂದೆ. ಒಂಬತ್ತು ದಿನ, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಬಕೆಟ್ಟು, ಆ ಬೀದಿಯ ಆರು ಮನೆಯವರು ಹೊತ್ತೊಯ್ದರು. ಮುಂಚಿನ ದಿನ ಕ್ಲೋರಿನ್ ಹಾಕದೆ ಬಿಟ್ಟು ಅದು ಇಳಿದದ್ದನ್ನು ಅಳೆದು ನೋಡಿಯೇ ಗೇಟು ತೆರೆಯುತ್ತಿದ್ದೆ. ಒಟ್ಟು ಹೋದದ್ದು ಹೆಚ್ಚು ಕಡಿಮೆ ಮೂರು ಸಾವಿರ ಲೀಟರು. ಸೂರ್ಯ ಹದಿನಾರು ದಿನಗಳಲ್ಲಿ ಕೇಳದೆ ಒಯ್ದಷ್ಟನ್ನು ಅವರು ಕೇಳಿ ಒಯ್ದರು. ಮಾರ್ಚಿಯ ಆ ಹಸುರು ನೀರನ್ನು ಚರಂಡಿಗೆ ಬಿಟ್ಟಿದ್ದರೆ ಕೊಡುವುದಕ್ಕೆ ಏನೂ ಇರುತ್ತಿರಲಿಲ್ಲ. ಹಸುರಾಗಿಯೇ ಬಿಟ್ಟಿದ್ದರೆ ಕಕ್ಕಸಿಗೆ ಸುರಿಯುವುದಕ್ಕೂ ಜನ ಹೇಸುತ್ತಿದ್ದರು.

ಭಾವನವರಿಗೆ ಇದನ್ನು ತಿಳಿಸಿದ್ದು ಮೂರು ದಿನಗಳ ಮೇಲೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಅಕ್ಕನ ಹತ್ತಿರ ಮಾತಾಡು’ ಎಂದು ಫೋನು ದಾಟಿಸಿದರು. ಅಕ್ಕ ಮಗುವಿನ ತೂಕದ ವಿಷಯ ಮಾತಾಡಿದಳು.

ಮೇ ತಿಂಗಳಲ್ಲಿ ಮಳೆ ಹನಿಯಿತು. ಮೊದಲ ಮಳೆಗಳು ಮಹಡಿಯ ಧೂಳು ತೊಳೆಯಲೆಂದು ಬಿಟ್ಟುಕೊಟ್ಟೆ. ಆಮೇಲೆ ಮಹಡಿಯ ನೀರಿಳಿಯುವ ಕೊಳವೆಯನ್ನು ಜಲ್ಲಿ ಮರಳಿನ ಡ್ರಮ್ಮಿನ ಮೂಲಕ ಕೊಳದತ್ತ ತಿರುಗಿಸಿದೆ. ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರು ಸುರಿಯಿತು; ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ನೂರಕ್ಕೂ ಮಿಕ್ಕ ವರ್ಷಗಳ ದಾಖಲೆ ಅದು. ಊರಿನ ತಗ್ಗುಗಳಲ್ಲೆಲ್ಲ ಅವಾಂತರ. ನಮ್ಮ ಕೊಳಕ್ಕೆ ಆಕಾಶದಿಂದ ನೇರವಾಗಿ ಬಿದ್ದದ್ದೇ ಮೂರೂವರೆ ಸಾವಿರ ಲೀಟರು. ಮಹಡಿಯ ನೂರು ಚದರ ಮೀಟರಿನಿಂದ ಇಳಿದದ್ದು ಅದರ ಮೂರರಷ್ಟು. ಬೆಳಗ್ಗೆ ನೀರು ಸ್ಕಿಮ್ಮರಿನ ಬಾಯಿಗೆ ಬಂದು ನಿಂತಿತ್ತು, ಚಹದ ಬಣ್ಣದಲ್ಲಿ. ಮತ್ತೆ ಕುಂಚ, ಮತ್ತೆ ಪಿಎಚ್, ಮತ್ತೆ ಪುಡಿ. ಈ ಸಲ ಎರಡೇ ದಿನದಲ್ಲಿ ನಾಣ್ಯ ಕಂಡಿತು. ಅದನ್ನು ನಾನು ಅಲ್ಲೇ ಬಿಟ್ಟಿದ್ದೆ.

ಜುಲೈಯಲ್ಲಿ ಅಕ್ಕ ಭಾವಂದಿರು ಹಿಂತಿರುಗಿದರು. ಪೆಟ್ಟಿಗೆಗಳನ್ನು ಇಳಿಸುವ ಮೊದಲೇ ಭಾವನವರು ಹಿತ್ತಲಿಗೆ ನಡೆದರು. ಹೊದಿಕೆಯ ಅಂಚನ್ನೆತ್ತಿ ಬಹಳ ಹೊತ್ತು ನೋಡಿದರು. ನಾನು ಹಿಂದೆ ನಿಂತಿದ್ದೆ.

‘ಚೆನ್ನಾಗಿದೆ’ ಎಂದರು. ‘ಅಂತೂ ನೀರು ಬದಲಾಯಿಸಿದೆ ಅನ್ನು.’

‘ಇಲ್ಲ ಭಾವ. ಅದೇ ನೀರು. ಸ್ವಲ್ಪ ಮಳೆಯದು.’

‘ಸುಮ್ಮನಿರಯ್ಯಾ, ಸಂಕೋಚ ಪಡಬೇಡ. ಟ್ಯಾಂಕರಿನವನಿಗೆ ಎಷ್ಟು ಕೊಟ್ಟೆ ಹೇಳು, ಈಗಲೇ ಕೊಟ್ಟುಬಿಡುತ್ತೇನೆ’ ಎಂದು ಜೇಬಿಗೆ ಕೈಹಾಕಿದರು.

ನಾನು ದಿನಚರಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ತಂದು ಅವರ ಕೈಗೆ ಕೊಟ್ಟೆ. ಜನವರಿ 29ರಿಂದ ಒಂದು ದಿನವೂ ಬಿಡದೆ ಪಿಎಚ್, ಕ್ಲೋರಿನ್, ನೀರಿನ ಮಟ್ಟ, ಹಾಕಿದ ಪುಡಿ, ಒಯ್ದ ಬಕೆಟ್ಟು ಎಲ್ಲ ಅದರಲ್ಲಿತ್ತು. ಭಾವನವರು ಒಂದೆರಡು ಹಾಳೆ ತಿರುವಿ, ಕನ್ನಡಕ ಕೈಚೀಲದಲ್ಲಿ ಉಳಿದಿದೆ, ಆಮೇಲೆ ನೋಡುತ್ತೇನೆ ಎಂದರು.